ಹಟ್ಟಿ ಹೊಕ್ಕ ಹಮ್ಮಿಂಗ್‌ಬರ್ಡ್

ಕೊಟ್ಟೂರಿನ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಮರ ಬಿಟ್ಟು ಕದಲದ ಸ್ಲಾತ್ ಎಂಬ ಪ್ರಾಣಿ, ಬೆರಳುದ್ದದ ಹಮ್ಮಿಂಗ್‌ಬರ್ಡ್ ಎಂಬ ಹಕ್ಕಿ, ದಕ್ಷಿಣ ಅಮೆರಿಕದ ಕಾಡಿನ ಈ ಎರಡರಲ್ಲೂ ಕೆಲವು ಜಾತಿಗಳು ಅಳಿವಿನಂಚಿನಲ್ಲಿವೆ; ಮೊದಲು ಯಾವುದನ್ನು ಉಳಿಸಬೇಕು ಅನ್ನುವುದು ವಿಷಯ. ಅಲ್ಲಿ ಎರಡರಲ್ಲಿ ಒಂದನ್ನೂ ಕಂಡವರು ಯಾರೂ ಇರಲಿಲ್ಲ, ನಾನೂ ಸೇರಿ. ಆದರೂ ಎಂಥ ಆವೇಶ ಅಂತೀರಿ!

ಕಿರಾಣಿ ಅಂಗಡಿಯವರ ಮಗಳು ಶಿವಲೀಲಾ ಹಕ್ಕಿಯ ಪರ. "ಹೂವಿಂದ ಹೂವಿಗೆ ದಿನವೆಲ್ಲ ಹಾರತೈತ್ರಿ, ಒಂದು ಗಳಿಗಿ ಪುರುಸೊತ್ತಿಲ್ಲ. ಆ ಸ್ಲಾತ್ ಏನ್ ಮಾಡತೈತಿ? ಜೋತುಬಿದ್ದು ನಿದ್ದಿ ಹೊಡೀತೈತಿ!" ಸಭೆ ಕೇಕೆ ಹಾಕಿತು.

ಸ್ಲಾತ್ ಪರ ನಿಂತಿದ್ದವನು ಕುರಿಗಾರರ ಮನೆಯ ಮೈಲಾರಿ. "ರಾತ್ರಿ ನಿನ್ನ ಹಕ್ಕಿ ಏನ್ ಮಾಡತೈತಿ?" ಅಂತ ಕೇಳಿದ.

ಶಿವಲೀಲಾ ಸುಳ್ಳು ಹೇಳುವವಳಲ್ಲ. "ಮೈ ತಣ್ಣಗ ಮಾಡ್ಕೊಂಡು, ಎದಿಬಡಿತ ಇಳಿಸಿ, ಸತ್ತಂಗ ಇರತೈತಿ," ಅಂದಳು.

ಮೈಲಾರಿ ಮೇಜು ಗುದ್ದಿದ. "ಹಂಗಾದ್ರ ರಾತ್ರಿ ಅದೂ ಸ್ಲಾತೇ! ಕತ್ತಲಾದ ಮ್ಯಾಲ ಯಾರ ಕುರಿ ನಮ್ಮ ಹಟ್ಟಿ ಹೊಕ್ಕರೂ, ಬೆಳಕು ಹರಿಯೂತನಕ ಅದನ್ನ ಕಾಯೂದು ನಮ್ಮ ಜವಾಬ್ದಾರಿ. ಇನ್ನ ಆ ಹಕ್ಕೀನೂ ನಾನೇ ಕಾಯ್ತೀನ್ರಿ!"

"ಸರ್, ನನ್ನ ಹಕ್ಕೀನ ಹೊಡಕೊಂಡು ಹೊಂಟಾನ ನೋಡ್ರಿ!" ಶಿವಲೀಲಾ ಕೂಗಿದಳು. "ನಾ ಕೊಡಂಗಿಲ್ಲ!"

ತೀರ್ಪುಗಾರ ಅನ್ನುವುದನ್ನೇ ಮರೆತು ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಆ ಜೀವಿಗಳಿರುವ ಕಾಡಿನಲ್ಲಿ ಇಬ್ಬರಾದರೂ ಹೀಗೆ ನಾ ಕಾಯ್ತೀನಿ ಅಂತ ಕಿತ್ತಾಡಿದ್ದರೆ, ಕೊಟ್ಟೂರಿನವರು ಸ್ಪರ್ಧೆಗೆ ಬೇರೆ ವಿಷಯ ಹುಡುಕಬೇಕಾಗುತ್ತಿತ್ತು.