ಬಸ್ತಿಲಾ ಮಗುಚುವ ತಾಮು ಚಿಕ್ಕಮ್ಮ
ಫೆಜ್ ಪೇಟೆಯ ನಮ್ಮ ಓಣಿಯಲ್ಲಿ ಮದುವೆ ಗೊತ್ತಾದರೆ ಮದುಮಗಳಿಗಿಂತ ತಾಮು ಚಿಕ್ಕಮ್ಮನಿಗೇ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. "ಕಡಲಾಚೆಯ ಅಂದಲೂಸಿನಿಂದ ಓಡಿ ಬರುವಾಗ ನಮ್ಮ ಮುತ್ತಜ್ಜಿಯರು ಬಂಗಾರ ಬಿಟ್ರು, ಬಸ್ತಿಲಾ ಬಿಡ್ಲಿಲ್ಲ," ಎನ್ನುತ್ತಲೇ ಸೌಟು ಹಿಡಿದು ಬರುತ್ತಾಳೆ. ಪಾರಿವಾಳದ ಮಾಂಸ ಕೇಸರಿ, ಶುಂಠಿಯಲ್ಲಿ ಬೇಯುವಾಗ ಪಕ್ಕದಲ್ಲಿ ಕೂತ ಹುಡುಗಿಯ ಮೇಲೆ ಅವಳ ಬಾಯಿಯೂ ಕುದಿಯುತ್ತದೆ: "ಬಾದಾಮಿ ಕುಟ್ಟು ಅಂದ್ರೆ ತಿಂತಾ ಕೂತಿದೀಯಲ್ಲೇ, ಮದುವೆ ನಿಂದಾ?" ತೆಳ್ಳನೆಯ ಹಿಟ್ಟಿನ ಹಾಳೆಗಳಲ್ಲಿ ಮಾಂಸ, ಮೊಟ್ಟೆ, ಬಾದಾಮಿ ತುಂಬಿ, ತಟ್ಟೆಯಗಲದ ಕಡುಬಿನಂತೆ ಬಸ್ತಿಲಾ ಮಡಚುವಾಗ ಮಾತ್ರ ಕೂಸಿಗೆ ಹೊದಿಸುವ ನಾಜೂಕು. ಒಂದು ಮಗ್ಗುಲು ಕೆಂಪಾದ ಮೇಲೆ ಅದನ್ನು ತಟ್ಟೆಗೆ ಮಗುಚಬೇಕು. ಆಗ ಯಾರೂ ಕೆಮ್ಮುವಂತಿಲ್ಲ, ಬೆಕ್ಕನ್ನೂ ಹೊರಗೆ ಹಾಕಿಸುತ್ತಾಳೆ. ಹೊಸ ಸೊಸೆಯಾಗಿದ್ದಾಗ ಅವಳು ಮಗುಚಿದ ಮೊದಲ ಬಸ್ತಿಲಾ ನೆಲಕ್ಕೆ ಬಿದ್ದು, ಅತ್ತೆ "ಇವಳ ಕೈಯಲ್ಲಿ ಎಲುಬೇ ಇಲ್ಲ" ಎಂದಿದ್ದರಂತೆ. ಆ ಅತ್ತೆ ಮಣ್ಣಾಗಿ ಎಷ್ಟೋ ಕಾಲವಾಯಿತು. ಆದರೂ ಯಾರ ಮನೆಯಾದರೂ ಸರಿ, ಅಡುಗೆಮನೆಯ ಬಾಗಿಲ ಬಳಿ ಒಂದು ಮಣೆ ಹಾಕಿಸುತ್ತಾಳೆ, ಅದರ ಮೇಲೆ ಯಾರನ್ನೂ ಕೂರಗೊಡುವುದಿಲ್ಲ. ಬಸ್ತಿಲಾ ಒಂದು ಬಿರುಕೂ ಇಲ್ಲದೆ ತಟ್ಟೆಗೆ ಬಂದು, ಹೆಂಗಸರೆಲ್ಲ ನಾಲಿಗೆ ಕುಣಿಸಿ ಯೂಯೂ ಎಂದು ಕೂಗುವಾಗ, ಅವಳು ಅದರ ಮೇಲೆ ಸಕ್ಕರೆ ಪುಡಿ ಉದುರಿಸುತ್ತ ಆ ಖಾಲಿ ಮಣೆಯ ಕಡೆ ತಿರುಗಿ ಮೆಲ್ಲಗೆ, "ಇವತ್ತಾದ್ರೂ ಏನಾದ್ರೂ ಅನ್ನಿ, ಅತ್ತೆ," ಎನ್ನುತ್ತಾಳೆ.