ಗೆಣ್ಣಿಲ್ಲದ ದಾನ

ನನ್ನ ಹೆಂಡತಿಯ ಅಕ್ಕ, ಅಂದರೆ ನಮ್ಮ ಅತ್ತಿಗೆ, ಹೊಲಿಗೆಯವರು. ಹಗಲೆಲ್ಲ ಊರವರ ಸೊಂಟದ ಅಳತೆ ಹಿಡಿದು, ಸಂಜೆ ಆ ಅಳತೆಗಳ ಬಗ್ಗೆ ಮಾತಾಡಿ ಜೀವನ ಸಾಗಿಸಿದವರು. ನನ್ನ ಸೊಂಟವೂ ಆ ಚರ್ಚೆಯಲ್ಲಿ ಸಾಕಷ್ಟು ಜಾಗ ಹಿಡಿದಿದೆ. ಅವರ ಕಿಟಕಿಯ ಬಳಿ ಒಂದು ಬಳ್ಳಿಯಿತ್ತು. ಮಳೆಕಾಡಿನದು, ತಟ್ಟೆಯಗಲದ ಎಲೆ, ಅರ್ಧ ಹಸಿರು, ಅರ್ಧ ಹಾಲುಬಿಳಿ. ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲ. ಇರಬಾರದು ಎಂಬುದೇ ಅತ್ತಿಗೆಯ ಬಾಳಿನ ಏಕೈಕ ಹಂಬಲ.

ಹಾಗಂತ ಕೇಳಿದವರಿಗೆ ಇಲ್ಲ ಅಂದವರಲ್ಲ. "ಅಯ್ಯೋ, ತಗೊಳ್ಳಮ್ಮ, ಗಿಡಕ್ಕೇನು!" ಎಂದು ಕತ್ತರಿ ತಂದು, ಎಲೆಯನ್ನು ತೊಟ್ಟಿನ ಸಮೇತ ಕೊಡುತ್ತಿದ್ದರು. ಚಿಗುರು ಹೊರಡುವುದು ಕಾಂಡದ ಗೆಣ್ಣಿನಿಂದ. ಅದನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಳ್ಳುತ್ತಿದ್ದರು. ಗೆಣ್ಣಿಲ್ಲದ ಎಲೆ ನೀರಿನಲ್ಲಿ ಬೇರು ಬಿಡುತ್ತದೆ, ತಿಂಗಳುಗಟ್ಟಲೆ ಹೊಳೆಯುತ್ತದೆ, ಯಾವ ಜನ್ಮಕ್ಕೂ ಚಿಗುರುವುದಿಲ್ಲ. ಪಕ್ಕದ ಮನೆಯ ಟೀಚರ್ "ಇನ್ನೂ ಚಿಗುರೇ ಇಲ್ವಲ್ಲ ಅಕ್ಕಾ" ಎಂದು ಕೊರಗಿದರೆ, "ನಿನ್ನ ಕೈಗುಣ ಕಣೆ" ಅನ್ನುತ್ತಿದ್ದರು.

ಒಮ್ಮೆ ನನ್ನ ಹೆಂಡತಿಯೂ ಕೇಳಿದಳು. ಅವಳು ಅಕ್ಕನನ್ನು ಹುಟ್ಟಿದಾಗಿನಿಂದ ಬಲ್ಲವಳು. ಕತ್ತರಿಯ ಪಕ್ಕದಲ್ಲೇ ನಿಂತು, "ಇನ್ನೂ ಸ್ವಲ್ಪ ಕೆಳಗೆ ಅಕ್ಕಾ... ಇನ್ನೂ... ಹಾಂ, ಅಲ್ಲಿ" ಎಂದಳು. ಎದುರಿಗೆ ನೆಂಟರಿದ್ದರು, ಅತ್ತಿಗೆ ಹಲ್ಲು ಕಚ್ಚಿ ಕತ್ತರಿಸಿದರು. ನಮ್ಮಲ್ಲಿ ಬಳ್ಳಿ ಗೋಡೆ ಹತ್ತಿತು. ಅತ್ತಿಗೆ ನಮ್ಮ ಮೆಟ್ಟಿಲು ಹತ್ತುವುದನ್ನು ಬಿಟ್ಟರು.

ಪೈಪೋಟಿಗೆ ಬಿದ್ದು ತಮ್ಮ ಗಿಡವನ್ನು ಭಾರಿ ಕುಂಡಕ್ಕೆ ಬದಲಾಯಿಸಿದರು. ಅಷ್ಟೊಂದು ಮಣ್ಣು ಒಣಗಲೇ ಇಲ್ಲ. ಬೇರು ಕೊಳೆತು, ಕೊಳೆ ಕಾಂಡಕ್ಕೇರಿ, ಗೆಣ್ಣುಗಳೆಲ್ಲ ಕಪ್ಪಾಗಿ ಕೈಗಂಟಿದವು. ಸುದ್ದಿ ತಿಳಿದ ಟೀಚರ್ ಆ ಚಿಗುರದ ಎಲೆಯನ್ನು ನೀರಿನ ಬಾಟಲಿಯ ಸಮೇತ ಹಿಡಿದು ಓಡಿಬಂದಳು: "ನಿಮ್ಮ ಗಿಡದ್ದೇ ಅಲ್ವಾ ಅಕ್ಕಾ, ನೀವೇ ಇಟ್ಕೊಳ್ಳಿ!" ಅತ್ತಿಗೆ ಇಸಿದುಕೊಂಡು ಕಿಟಕಿಯಲ್ಲಿಟ್ಟರಂತೆ.

ಕೊನೆಗೆ ನಮ್ಮ ಮನೆಗೇ ಬಂದರು.

"ಒಂದು ತುಂಡು ಕೊಡೇ."

"ಕೊಡದೆ ಇರ್ತೀನಾ ಅಕ್ಕಾ? ಈಗ ಕತ್ತರಿಸಿದ್ರೆ ಗಿಡ ನಲುಗುತ್ತೆ. ಮುಂದಿನ ಎಲೆ ಬಿಡ್ಲಿ. ಅಲ್ಲೀವರೆಗೆ ಭಾನುವಾರ ಬಂದು ಎಲೆ ಒರೆಸಿಕೊಡು. ಅದೆಲ್ಲ ನಿನಗೇ ಚೆನ್ನಾಗಿ ಗೊತ್ತು."

ಆಮೇಲೆ ಎಷ್ಟೋ ಎಲೆ ಬಿಟ್ಟಿತು. ಅತ್ತಿಗೆ ಭಾನುವಾರ ತಪ್ಪಿಸುವುದಿಲ್ಲ. ಒದ್ದೆ ಬಟ್ಟೆ ಹಿಡಿದು, ಮಗುವಿನ ಮುಖದಂತೆ ಒಂದೊಂದೇ ಎಲೆ ಒರೆಸುತ್ತಾರೆ. ಬಂದವರಿಗೆ ನನ್ನ ಹೆಂಡತಿ ಗಿಡ ತೋರಿಸುತ್ತಾಳೆ. ಒರೆಸುತ್ತಿರುವವರು ಯಾರೆಂದು ಹೇಳುವುದಿಲ್ಲ. ಮನೆಯ ಯಜಮಾನನಾದ ನಾನು ಪೇಪರಿನ ಹಿಂದೆ ಇರುತ್ತೇನೆ.

ಮೊನ್ನೆ ತಡೆಯಲಾರದೆ, ಕತ್ತರಿ ತರೋಣವೆಂದು ಎದ್ದೆ.

"ಕೂತ್ಕೊಳ್ಳಿ" ಎಂದಳು.

ಕೂತೆ.