ದಿನಾ ಹೇಳಿಸಿದ ಸರೋಜಕ್ಕೋರು

ಸರೋಜಕ್ಕೋರು ಕೂತದ್ದನ್ನು ನಾನು ನೋಡಿಯೇ ಇಲ್ಲ. ನಮ್ಮ ಓಣಿಯ ಅಂಗನವಾಡಿಯಲ್ಲಿ ಅವರಿಗೆ ಅಂತ ಒಂದು ಕುರ್ಚಿ ಇತ್ತು. ಅದರ ಮೇಲೆ ಯಾವಾಗಲೂ ಅಕ್ಕಿ ಚೀಲ ಕೂತಿರುತ್ತಿತ್ತು. ಅವರು ಬಾಗಿಲಿಗೂ ಒಲೆಗೂ ನಡುವೆ ಓಡಾಡುತ್ತಲೇ ಇರುತ್ತಿದ್ದರು, ಒಂದು ಕೈಯಲ್ಲಿ ಯಾವುದೋ ಕೂಸಿನ ಮೂಗು ಒರೆಸುತ್ತ, ಇನ್ನೊಂದು ಕೈಯಲ್ಲಿ ಸೆರಗು ಸಿಕ್ಕಿಸಿಕೊಳ್ಳುತ್ತ. ಚಹಾ ಕೊಟ್ಟರೆ ನಿಂತೇ ಕುಡಿಯುವುದು. ಚಪ್ಪಲಿಯ ಹಿಮ್ಮಡ ಸವೆದು ಹಾಳೆಯಂತಾಗಿತ್ತು.

ಅಂಗನವಾಡಿ ನಮ್ಮ ಮನೆಯ ಎದುರಿಗೇ. ಇಳಕಲ್ಲಿನಲ್ಲಿ ನಮ್ಮ ಓಣಿಯವರೆಲ್ಲ ನೇಕಾರಿಕೆಯವರು. ನಾನು ಬಾಗಿಲಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆಗೆ ನೂಲು ಸುತ್ತುವವಳು. ಸುತ್ತುವುದು ಕೈ, ಕಣ್ಣಿಗೆ ಬೇರೆ ಕೆಲಸ ಬೇಕಲ್ಲ. ದಿನವಿಡೀ ಅಕ್ಕೋರನ್ನೇ ನೋಡುತ್ತಿದ್ದೆ.

ಮೊದಮೊದಲು ಅವರು ನನಗೆ ಸೇರುತ್ತಿರಲಿಲ್ಲ. ಮಕ್ಕಳು ಏನಾದರೂ ಕೇಳಿದರೆ ಉತ್ತರ ಹೇಳುತ್ತಿರಲಿಲ್ಲ, ತಿರುಗಿ ಅವರನ್ನೇ ಕೇಳುತ್ತಿದ್ದರು.

“ಅಕ್ಕೋರ, ರಾತ್ರಿ ಚಂದಪ್ಪ ಯಾಕ ನನ್ನ ಹಿಂದ ಬರ್ತಾನ?”

“ನಿನಗ್ಯಾಕ ಅನಸ್ತೈತಿ?”

“ನಾ ಚಂದ ಅದೀನಿ, ಅದಕ್ಕ.”

ಅಕ್ಕೋರು ನಗುತ್ತಿರಲಿಲ್ಲ. ಉದ್ದನೆಯ ಒಂದು ವಹಿ ತೆಗೆದು ಹುಡುಗಿಯ ಹೆಸರು, ವಯಸ್ಸು, ಆಡಿದ ಮಾತು ಮೂರನ್ನೂ ನಿಂತಲ್ಲೇ ಬರೆಯುತ್ತಿದ್ದರು. ಒಂದು ದಿನ ಮುಖದ ಮೇಲೆಯೇ ಅಂದೆ, “ಅಲ್ರಿ ಅಕ್ಕೋರ, ಕಲಸಾಕ ಬಂದೀರೋ, ಕಲಿಯಾಕ ಬಂದೀರೋ?” ಅವರಿಗೆ ಸಿಟ್ಟು ಬರಲಿಲ್ಲ. “ಅಕಿಗೆ ಈಗೇನು ತಿಳದೈತಿ ಅನ್ನೋದು ನನಗ ತಿಳೀದ, ಮುಂದಿಂದು ಹೆಂಗ ಕಲಸ್ಲಿ ಈರವ್ವ?” ಎಂದು ಒಳಗೆ ಓಡಿದರು.

ಇನ್ನೊಂದು ದಿನ ನಾಲ್ಕು ವರ್ಷದ ಒಬ್ಬ ಹುಡುಗ ಎರಡು ರೊಟ್ಟಿ ಬೇಕೆಂದು ನೆಲಕ್ಕೆ ಬಿದ್ದು ಹೊರಳುತ್ತಿದ್ದ. ಅಕ್ಕೋರ ಬುತ್ತಿಯಲ್ಲಿ ಉಳಿದಿದ್ದದ್ದೇ ಒಂದು. ಅದನ್ನೇ ಮುರಿದು ಅವನ ಎರಡೂ ಕೈಗೆ ಇಟ್ಟರು.

“ಈಗೆಷ್ಟು?”

“ಎಲ್ಡು!” ಅಳು ಅಲ್ಲಿಗೇ ನಿಂತಿತು.

ಅವನನ್ನು ಕರೆದೊಯ್ಯಲು ಬಂದಿದ್ದ ಅಣ್ಣ, ಒಂದನೆಯ ಇಯತ್ತೆಯವನು, ನಿಂತು ನೋಡುತ್ತಿದ್ದ. “ಅಕ್ಕೋರ, ಮೋಸ ಮಾಡ್ತೀರಿ. ಅದು ಒಂದ ರೊಟ್ಟಿ” ಅಂದ.

ಅಕ್ಕೋರು ಮೋಸ ಸಿಕ್ಕಿಬಿದ್ದದ್ದಕ್ಕೆ ಕುಣಿದಾಡಿಬಿಟ್ಟರು. ರಸ್ತೆ ದಾಟಿ ನನ್ನ ಹತ್ತಿರ ಬಂದು, “ಕೇಳಿದ್ರೇನ್ರಿ? ಇಬ್ಬರ ನಡುವ ಎರಡ ವರ್ಷ. ಎರಡ ವರ್ಷದಾಗ ತಲ್ಯಾಗ ಏನೋ ಆಗೇತಿ. ಯಾರೂ ಕಲಸಿಲ್ಲ!” ಅಂದರು.

“ಹೊಟ್ಟಿ ಹಸದ್ರ ಎಲ್ಲಾ ಬರ್ತೈತ್ರಿ” ಅಂದೆ ನಾನು.

ಆ ವರ್ಷವೇ ನನ್ನ ಸೊಸೆ ಮಂಜುಳಾ ತೀರಿಕೊಂಡಳು. ಕಾಮಣಿ ಆಗಿ ಕಣ್ಣು ಹಳದಿಯಾಗಿತ್ತು, ಔಷಧಿ ತಡವಾಯಿತು. ಮಗ ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುವವನು, ಅವನು ಬಾಯಿ ಬಿಡುವುದನ್ನೇ ಬಿಟ್ಟ. ಮೊಮ್ಮಗಳು ಐಶುವಿಗೆ ನಾಲ್ಕು ತುಂಬಿ ಸ್ವಲ್ಪ ದಿನ.

ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತೇವೆ. ಗೋಡೆಗೆ ಒರಗಿಸಿ ಕೂಡ್ರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ವಿಮಾನ ಕಟ್ಟಿ ಅದರಲ್ಲಿಯೂ ಕೂಡ್ರಿಸಿಕೊಂಡೇ ಭಜನೆ ಹೇಳುತ್ತ ಒಯ್ಯುತ್ತೇವೆ. ಕುಣಿಯಲ್ಲಿಯೂ ಹಾಗೆಯೇ. ಐಶು ಪಕ್ಕದ ಮನೆಯವಳ ಕಂಕುಳಲ್ಲಿ ಇದ್ದು ವಿಮಾನ ಓಣಿ ದಾಟುವವರೆಗೂ ನೋಡಿದಳು. ಆಮೇಲೆ ಅವ್ವ ಎಲ್ಲಿಗೆ ಹೋದಳೆಂದು ಕೇಳಿದಳು. ನಾನು, “ನಿಮ್ಮವ್ವ ಬಾದಾಮಿಗೆ ತವರಮನಿಗೆ ಹೋಗ್ಯಾಳ, ಬರ್ತಾಳ” ಅಂದೆ. ಎಲ್ಲರೂ ಹೇಳುವುದೇ ಅದು. ಸಣ್ಣ ಕೂಸಿಗೆ ಇನ್ನೇನು ಹೇಳುವುದು?

ಅಂದಿನಿಂದ ಕೂಸು ಒಂದು ಕಡೆ ನಿಲ್ಲಲಿಲ್ಲ. ಬಸ್ಸಿನ ಸಪ್ಪಳ ಕೇಳಿದರೆ ಓಣಿಯ ತುದಿಗೆ ಓಡುವುದು, ಬರುವುದು, ಮತ್ತೆ ಓಡುವುದು. ನನ್ನ ರಾಟಿಯೂ ಹಾಗೇ ಆಯಿತು. ನೂಲು ಹರಿಯುವುದು, ಕಟ್ಟುವುದು, ಹರಿಯುವುದು.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಅಂಗನವಾಡಿಯಿಂದ ಐಶು ಕಾಣೆಯಾದಳು. ಅಕ್ಕೋರು ಒಲೆಯ ಕಡೆ ತಿರುಗಿ ಬರುವಷ್ಟರಲ್ಲಿ ಇಲ್ಲ. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಹುನಗುಂದದ ಬಸ್ಸು, ಬಾಗಲಕೋಟೆಯ ಬಸ್ಸು, ಎಲ್ಲವನ್ನೂ ಹತ್ತಿ ಸೀಟಿನ ಕೆಳಗೆ ಬಗ್ಗಿ ನೋಡಿದೆ. ಕಂಡಕ್ಟರ್ ಬೈದ. ಬೈಯಲಿ. ಹೊರಗೆ ಕಲ್ಲು ತುಂಬಿದ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಪ್ರತಿ ಲಾರಿ ಹೋದ ಮೇಲೂ ರಸ್ತೆಯ ಮೇಲೆ ಏನಾದರೂ ಬಿದ್ದಿದೆಯೋ ಎಂದು ನೋಡುತ್ತಿದ್ದೆ.

ಅಕ್ಕೋರು ನನ್ನ ಹಿಂದೆ ಬರಲಿಲ್ಲ. ಮಕ್ಕಳನ್ನು ನಿಲ್ಲಿಸಿ, “ಐಶು ಎಲ್ಲಿಗೆ ಹೋಗಿರಬೇಕು ಅನಸ್ತೈತಿ ನಿಮಗ?” ಎಂದು ಕೇಳಿದರಂತೆ. ಐದು ವರ್ಷದ ಹುಡುಗಿಯೊಬ್ಬಳು ಹೇಳಿದಳು, “ಅವ್ವನ ಕಡೆ. ಕುಣ್ಯಾಗ ಕುಂದ್ರಸ್ಯಾರ ಅಂತ ನಾನ ಹೇಳೇನಿ.”

ದೊಡ್ಡ ರಸ್ತೆ ದಾಟಿದ ಮೇಲೆ, ರುದ್ರಭೂಮಿಯ ದಾರಿಯಲ್ಲಿ ಅಕ್ಕೋರಿಗೆ ಸಿಕ್ಕಳು. ಲಾರಿಗಳ ನಡುವೆ ಆ ರಸ್ತೆಯನ್ನು ಒಬ್ಬಳೇ ದಾಟಿದ್ದಳು. ಲಂಗದ ಮಡಿಲಲ್ಲಿ ಒಂದು ರೊಟ್ಟಿ. ನಮ್ಮ ಮನೆಗೆ ಎತ್ತಿಕೊಂಡು ಬಂದ ಅಕ್ಕೋರ ಉಸಿರು ಏರಿತ್ತು. ನಾನು ಕೂಸಿಗೆ ಹೊಡೆಯಲು ಕೈ ಎತ್ತಿದೆ, ಅವರು ತಮ್ಮ ಬೆನ್ನು ಅಡ್ಡ ಕೊಟ್ಟರು.

“ರೊಟ್ಟಿ ಯಾಕ ಒಯ್ದಿದ್ದಿ ಐಶು?” ಎಂದು ಕೇಳಿದರು.

“ಅವ್ವ ಮಕ್ಕೊಂಡಿಲ್ಲ, ಕುಂತಾಳ. ಕುಂತಾಕಿಗೆ ಹಸಿವಾಗೂದಿಲ್ಲೇನು?”

ನಾನು ಅಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ ಪಾತ್ರೆ ಬಡಿಯುತ್ತ ತೊಳೆದೆ. ಅಕ್ಕೋರು ಹಿಂದೆಯೇ ಬಂದರು.

“ಬಾದಾಮಿ ಅಂತ ನೀವ ಹೇಳೀರಿ, ಕುಣಿ ಅಂತ ಓಣ್ಯಾಗ ಹೇಳ್ಯಾರ. ಎರಡೂ ಕಡೆ ಹುಡುಕತಾಳ ಅಕಿ. ನಾಳೆ ಮತ್ತ ಹೋಗ್ತಾಳ. ಲಾರಿ ದಿನಾ ಬಿಡೂದಿಲ್ಲ ಈರವ್ವ. ಖರೆ ಹೇಳ್ರಿ.”

“ನಾಕ ವರ್ಷದ್ದಕ್ಕ ಏನ್ ತಿಳೀತೈತ್ರಿ?”

“ತಿಳಿಯೂದಿಲ್ಲ. ಆರಕ್ಕ ತಿಳೀತೈತಿ, ಏಳಕ್ಕ ತಿಳೀತೈತಿ. ಅವತ್ತ ತಿರುಗಿ ನೋಡಿದ್ರ ನಿಮ್ಮ ಬಾಯಾಗ ಸುಳ್ಳು ಸಿಗಬಾರದು.”

“ನೀವ ಹೇಳಿಬಿಡ್ರಿ. ಅಕ್ಕೋರು ನೀವು.”

“ನಾ ಹೊರಗಿನಾಕಿ. ನೀವ ಹೇಳ್ರಿ, ನಾ ನಿಂತಿರ್ತೇನಿ.”

ಹೇಳಿದೆ. ಅವ್ವ ಸತ್ತಾಳ, ಉಸಿರು ನಿಂತೈತಿ, ಹೊಟ್ಟೀನೂ ನಿಂತೈತಿ, ಹಸಿವಾಗೂದಿಲ್ಲ, ಬರೂದಿಲ್ಲ. ಕೂಸು ನನ್ನನ್ನೇ ದಿಟ್ಟಿಸಿ, “ಮತ್ತ ಹೆಂಗ ಕುಂತಿದ್ಲು?” ಅಂದಿತು. ನಾನು ಅಕ್ಕೋರ ಕಡೆ ತಿರುಗಿದೆ. ಆಗ ಮಾತ್ರ ಅಕ್ಕೋರು ಉತ್ತರ ಹೇಳಿದರು. “ಅಕಿ ತಾನ ಕುಂತಿಲ್ಲವ್ವ. ಎಲ್ಲಾರೂ ಹಿಡದು ಕುಂದ್ರಸ್ಯಾರ. ಅಕಿ ಮ್ಯಾಲಿನ ಮರ್ಯಾದಿಗೆ.”

“ಹೂಂ” ಅಂದಳು ಐಶು. ರೊಟ್ಟಿ ಮುರಿದು ತಿಂದಳು. ಅರ್ಧ ತಿಂದು, “ನಾಳೆ ಬರ್ತಾಳೇನು?” ಎಂದು ಕೇಳಿದಳು.

ನಾನು ಹಣೆ ಬಡಿದುಕೊಂಡೆ. ಅಕ್ಕೋರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. “ದಿನಾ ಕೇಳ್ತಾಳ. ದಿನಾ ಅದನ್ನ ಹೇಳ್ರಿ. ಮಾತು ಬದಲಸಬ್ಯಾಡ್ರಿ.”

ದಿನಾ ಕೇಳಿದಳು. ಉಣ್ಣುವಾಗ, ತಲೆ ಬಾಚುವಾಗ, ಹೇಲಲು ಕೂತಾಗ. ಇಲ್ಲವ್ವ, ಬರೂದಿಲ್ಲ, ಸತ್ತಾಳ. ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು. ಅಕ್ಕೋರು ಬೆಳಗ್ಗೆ ಬೀಗ ತೆಗೆಯುವ ಮುಂಚೆ ಬಂದು, “ನಿನ್ನೆ ಎಷ್ಟ ಸಲ ಕೇಳಿದ್ಲು? ಏನಂದ್ರಿ?” ಎಂದು ವಿಚಾರಿಸುತ್ತಿದ್ದರು. “ನಿಮ್ಮ ವಹ್ಯಾಗ ಬರಿಯಾಕೇನು?” ಎಂದು ಒಮ್ಮೆ ಸಿಡುಕಿದೆ. “ಇಲ್ಲ. ಇದನ್ನ ಬರದಿಲ್ಲ” ಅಂದರು. ರಸ್ತೆಯ ಕಡೆ ಮಾತ್ರ ಐಶು ಮತ್ತೆ ಹೋಗಲಿಲ್ಲ. ಕೆಲವು ತಿಂಗಳಲ್ಲಿ ಕೇಳುವುದನ್ನೂ ಬಿಟ್ಟು ಆಟಕ್ಕೆ ಬಿದ್ದಳು. ನಾನು ಮುಗಿಯಿತು ಅಂದುಕೊಂಡೆ.

ಮರುವರ್ಷ ಅಕ್ಕೋರು ನಿವೃತ್ತಿಯಾದರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮಗಳಿದ್ದಾಳೆ, ಅಲ್ಲಿಗೆ ಹೊರಟಿದ್ದರು. ಹೆಗಲಿಗೆ ಚೀಲ ಹಾಕಿಕೊಂಡೇ ನಮ್ಮ ಹೊಸ್ತಿಲಲ್ಲಿ ನಿಂತರು. “ಇವತ್ತರ ಕುಂದರ್ರಿ” ಅಂದೆ. “ಬಸ್ ಹೋಗ್ತೈತ್ರಿ” ಅಂದರು. ಐಶುವಿನ ಗಲ್ಲ ಹಿಂಡಿದರು, ಹೋದರು. ಅದೇ ಕಡೆಯದು.

ಈಗ ಐಶು ಒಂದನೆಯ ಇಯತ್ತೆ. ಕಳೆದ ತಿಂಗಳು ಸಾಲಿಯಿಂದ ಬಂದವಳು ನನ್ನ ಪಕ್ಕದಲ್ಲಿ ನೂಲಿನ ಸಿಕ್ಕು ಬಿಡಿಸುತ್ತಿದ್ದಳು. ಕೈ ನಿಲ್ಲಿಸಿದಳು.

“ಆಯಿ, ಅವ್ವ ನನ್ನ ಮದುವಿಗೂ ಬರೂದಿಲ್ಲಲ್ಲ?”

“ಇಲ್ಲ” ಅಂದೆ.

ಆಗ ಅತ್ತಳು. ಎರಡು ವರ್ಷ ಅಳದೆ ಇದ್ದದ್ದು ಅಂದು ಬಂತು. ನೆಲಕ್ಕೆ ಬಿದ್ದು, ಉಸಿರು ಸಿಕ್ಕದಂತೆ. ನನ್ನ ಬಾಯಿಗೆ ಬಾದಾಮಿಯ ಸುಳ್ಳು ಬಂದೇ ಬಿಟ್ಟಿತ್ತು, ಹಲ್ಲು ಕಚ್ಚಿದೆ. ಎದ್ದು ರಸ್ತೆ ದಾಟಿ ಅಂಗನವಾಡಿಗೆ ಓಡಿದೆ. ಹೊಸ ಟೀಚರ್ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಮಕ್ಕಳ ತೂಕ ತುಂಬುತ್ತಿದ್ದಳು. “ಏನ್ ಬೇಕ್ರಿ ಅಮ್ಮಾರ?” ಅಂದಳು. ಪಾಪ, ಒಳ್ಳೆಯವಳೇ. ಏನೂ ಬೇಡ ಎಂದು ತಿರುಗಿ ಬಂದೆ.

ಐಶು ಎದ್ದು ಕೂತಿದ್ದಳು. ಕಣ್ಣು ಕೆಂಪಗೆ. ಸಿಟ್ಟಿನಿಂದ ಕೇಳಿದಳು, “ನಿನಗ ಮೊದಲ ಗೊತ್ತಿತ್ತೇನು?”

“ಗೊತ್ತಿತ್ತು.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಹೇಳೇನವ್ವ. ದಿನಾ ಹೇಳೇನಿ.”

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು.

“ಹೌದು, ಹೇಳಿದ್ದಿ” ಅಂದಳು. ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟಳು.